ಆ ನಂಬರ್ ದಾಟಿದ್ರೂ ಏನೂ ಆಗ್ಲಿಲ್ಲ

ವಿಮಾನಕ್ಕೆ ಹಾಕಿರೋ ಲಿಮಿಟ್‌ಗಳನ್ನ ಪೈಲಟ್‌ಗಳು ಯಾಕೆ ದಾಟ್ತಾರೆ ಅಂತ ಈ ಮಾತು ಆಡಿ ಒಂದು ವಾರ ಆಯ್ತು. ಬಂದಿದ್ದವರಲ್ಲಿ ಕೆಲವರು ಬರೆದು ಕೊಡಿ ಅಂದ್ರು, ಅದಕ್ಕೆ ರೆಕಾರ್ಡಿಂಗ್ ಹಾಕ್ಕೊಂಡು ಕೂತು ಟೈಪ್ ಮಾಡಿದ್ದೀನಿ. ಮೈಕ್ ಕೈಕೊಟ್ಟ ಹತ್ತು ನಿಮಿಷ ಒಂದು ಬಿಟ್ರೆ ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.

ನಮಸ್ಕಾರ ಎಲ್ರಿಗೂ. ಮೊದ್ಲು ಒಂದು ಸಣ್ಣ ಘಟನೆ ಹೇಳ್ಬಿಡ್ತೀನಿ. ನನ್ನ ಕೆಲಸ ಏನಪ್ಪಾ ಅಂದ್ರೆ ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳ ಹಿಂದೆ ಕೂತ್ಕೊಂಡು ಅವರಿಗೆ ಕಾಟ ಕೊಡೋದು. ನಗ್ಬೇಡಿ, ಸಂಬಳ ಕೊಡೋದೇ ಅದಕ್ಕೆ. ಎಂಜಿನ್ ಆಫ್ ಮಾಡ್ತೀನಿ, ಗಾಳಿ ತಿರುಗಿಸ್ತೀನಿ, ಕಂಟ್ರೋಲರ್ ದನಿಯಲ್ಲಿ ಇಲ್ಲದ ತಕರಾರು ತೆಗೀತೀನಿ. ಆವತ್ತು ಇಬ್ಬರು ಇದ್ರು, ಎಡಗಡೆ ಕ್ಯಾಪ್ಟನ್, ಸಾವಿರಾರು ಗಂಟೆ ಹಾರಿಸಿದ ಮನುಷ್ಯ, ಬಲಗಡೆ ಹುಡುಗ, ಕೋ-ಪೈಲಟ್ ಆಗಿ ಎರಡು ವರ್ಷ ಆಗಿತ್ತು. ವಿಮಾನ ಬೋಯಿಂಗ್ 737-800. ನಾನು ಬೇಕು ಅಂತಲೇ ಇಬ್ಬರನ್ನೂ ಎತ್ತರದಲ್ಲೇ ಹಿಡಿದಿಟ್ಟು ಲೇಟಾಗಿ ಇಳಿಯೋಕೆ ಬಿಟ್ಟೆ. ಈಗ ಇಳೀಲೂಬೇಕು, ನಿಧಾನಾನೂ ಆಗ್ಬೇಕು, ಎರಡೂ ಒಟ್ಟಿಗೆ ಆಗಲ್ಲ, ಜೆಟ್ ವಿಮಾನದಲ್ಲಿ ಇಳಿಜಾರು ಹಿಡಿದ ಮೇಲೆ ಸ್ಪೀಡ್ ಕಮ್ಮಿ ಮಾಡೋದು ಅಷ್ಟು ಸುಲಭ ಅಲ್ಲ.

ಕ್ಯಾಪ್ಟನ್ "ಫ್ಲ್ಯಾಪ್ಸ್ 30" ಅಂದ್ರು. ಫ್ಲ್ಯಾಪ್ ಅಂದ್ರೆ ನಿಧಾನವಾಗಿ ಹಾರುವಾಗ ವಿಮಾನನ ಎತ್ತಿ ಹಿಡಿಯೋಕೆ ರೆಕ್ಕೆಯ ಹಿಂಭಾಗದಿಂದ ಇಳಿಸೋ ಹಲಗೆ, 30 ಅನ್ನೋದು ಅದನ್ನ ಎಷ್ಟು ಇಳಿಸ್ಬೇಕು ಅನ್ನೋ ಲೆಕ್ಕ. ಹುಡುಗ ಬಾಯಲ್ಲಿ "ಸ್ಪೀಡ್ ಚೆಕ್ಡ್, ಫ್ಲ್ಯಾಪ್ಸ್ 30" ಅಂತ ಹೇಳ್ತಾನೇ ಲಿವರ್ ಎಳೆದ. ನಾನು ಅಲ್ಲೇ ಫ್ರೀಜ್ ಬಟನ್ ಒತ್ತಿದೆ. ವಿಮಾನ ಗಾಳಿಯಲ್ಲಿ ಹಾಗೇ ನಿಂತ್ಕೊಳ್ತು. "ಫ್ಲ್ಯಾಪ್ಸ್ 30ಕ್ಕೆ ಲಿಮಿಟ್ ಎಷ್ಟು?" ಅಂತ ಕೇಳಿದೆ, ನಾನು ಕೇಳಿ ಮುಗಿಸೋದ್ರೊಳಗೆ ಇಬ್ಬರೂ ಒಟ್ಟಿಗೆ "175" ಅಂದ್ರು. "ಸರಿ, ಈಗ ಸ್ಪೀಡ್ ಎಷ್ಟಿದೆ?" ಆಗ ನೋಡಿದ್ರು. 181 ನಾಟ್. ನಾಟ್ ಅಂದ್ರೆ ವಿಮಾನದ ಸ್ಪೀಡ್ ಅಳೆಯೋ ಲೆಕ್ಕ, ಒಂದು ನಾಟ್ ಗಂಟೆಗೆ ಸುಮಾರು 1.85 ಕಿಲೋಮೀಟರ್.

ಇದ್ರಲ್ಲಿ ನನಗೆ ಇವತ್ತಿಗೂ ತಲೆ ತಿನ್ನೋದು ಆ "ಸ್ಪೀಡ್ ಚೆಕ್ಡ್" ಅನ್ನೋ ಮಾತು. ಹುಡುಗ ಸುಳ್ಳು ಹೇಳಿಲ್ಲ ರೀ. ಅವನಿಗೆ ತಾನು ನೋಡಿದೆ ಅಂತಲೇ ನಂಬಿಕೆ. ಸ್ಪೀಡ್ ತೋರಿಸೋ ಟೇಪ್ ಅವನ ಎದುರಿಗೇ ಇದೆ, ಗೇರ್ ಲಿವರ್ ಪಕ್ಕದಲ್ಲೇ ಯಾವ ಫ್ಲ್ಯಾಪ್‌ಗೆ ಎಷ್ಟು ಸ್ಪೀಡ್ ಅಂತ ಒಂದು ಸಣ್ಣ ಪಟ್ಟಿ ಅಂಟಿಸಿದ್ದಾರೆ, ಅಲ್ಲೂ 175 ಅಂತ ಇದೆ. ನಂಬರ್ ತಲೆಯಲ್ಲಿತ್ತು, ನಂಬರ್ ಗೋಡೆ ಮೇಲಿತ್ತು, ನಂಬರ್ ಬಾಯಲ್ಲಿತ್ತು, ಕಣ್ಣಲ್ಲಿ ಮಾತ್ರ ಇರ್ಲಿಲ್ಲ.

ಸರಿ, ಈ ಲಿಮಿಟ್ ಅಂದ್ರೆ ಏನು, ಬೇಗ ಹೇಳ್ಬಿಡ್ತೀನಿ, ಪೈಲಟ್ ಅಲ್ಲದವರೂ ಇದ್ದೀರ. ಪ್ರತಿ ವಿಮಾನಕ್ಕೂ ಒಂದು ಫ್ಲೈಟ್ ಮ್ಯಾನ್ಯುಯಲ್ ಇರತ್ತೆ, ಸರ್ಕಾರಿ ಪ್ರಾಧಿಕಾರ ಒಪ್ಪಿ ಸಹಿ ಹಾಕಿದ್ದು. ಅದರಲ್ಲಿ ಲಿಮಿಟೇಶನ್ಸ್ ಅಂತ ಒಂದು ಭಾಗ. ಅದು ಸಲಹೆ ಅಲ್ಲ, ಕಾನೂನು. ಅಮೆರಿಕದಲ್ಲಾದ್ರೆ ನಿಯಮ 91.9 ಅಂತ ನೇರವಾಗಿ ಇದೆ, ಆ ಲಿಮಿಟ್‌ಗಳನ್ನ ಪಾಲಿಸದೆ ವಿಮಾನ ಹಾರಿಸೋ ಹಾಗಿಲ್ಲ. 737-800 ತಗೊಂಡ್ರೆ 41,000 ಅಡಿಗಿಂತ ಮೇಲೆ ಹೋಗ್ಬಾರ್ದು, 20,000 ಅಡಿ ಮೇಲೆ ಫ್ಲ್ಯಾಪ್ ಇಳಿಸ್ಬಾರ್ದು, ಫ್ಲ್ಯಾಪ್ಸ್ 40 ಹಾಕಿದ್ರೆ 162 ನಾಟ್ ದಾಟ್ಬಾರ್ದು, ಟೇಕಾಫ್ ಪವರ್ ಐದು ನಿಮಿಷಕ್ಕಿಂತ ಜಾಸ್ತಿ ಇಡ್ಬಾರ್ದು, ಎಂಜಿನ್ ಬಿಸಿ ಇಷ್ಟು, ಬ್ರೇಕ್ ಬಿಸಿ ಇಷ್ಟು, ಹಿಂದಿನಿಂದ ಬರೋ ಗಾಳಿ ಇಷ್ಟು, ಹೀಗೆ ಪುಟಗಟ್ಟಲೆ. ಲೈಸೆನ್ಸ್‌ಗೆ ಓದುವಾಗ ಎಲ್ಲರೂ ಮಗ್ಗಿ ಉರು ಹೊಡೆದ ಹಾಗೆ ಇದನ್ನ ಉರು ಹೊಡೀತಾರೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ. ಪರೀಕ್ಷೇಲಿ ಫೇಲ್ ಆದವರನ್ನ ನಾನು ನೋಡೇ ಇಲ್ಲ ಅಂದ್ರೂ ನಡೆಯತ್ತೆ.

ಹಾಗಾದ್ರೆ ಗಾಳಿಗೆ ಏರಿದ ಮೇಲೆ ಯಾಕೆ ಕಣ್ಣು ತಪ್ಪತ್ತೆ?

ಒಂದು ಕಾರಣ ಎಲ್ಲ ಪೈಲಟ್‌ಗಳಿಗೂ ಒಳಗೊಳಗೇ ಗೊತ್ತಿರೋದು, ಜೋರಾಗಿ ಯಾರೂ ಹೇಳಲ್ಲ. ದಾಟಿದ್ರೂ ಏನೂ ಆಗಲ್ಲ ಅನ್ನೋದು. ನಿಜ ಹೇಳ್ಬೇಕಂದ್ರೆ ಹೆಚ್ಚಿನ ಸಲ ಏನೂ ಆಗಲ್ಲ. ಆರು ನಾಟ್ ಜಾಸ್ತಿ ಇದ್ದಾಗ ಫ್ಲ್ಯಾಪ್ ಇಳಿಸಿದ್ರೆ ರೆಕ್ಕೆ ಕಿತ್ಕೊಂಡು ಬರಲ್ಲ. ಕಾಫಿ ಕೂಡ ಚೆಲ್ಲಲ್ಲ. ಯಾಕಂದ್ರೆ ಲಿಮಿಟ್‌ಗೂ ಮುರಿಯೋದಕ್ಕೂ ಮಧ್ಯೆ ಎಂಜಿನಿಯರ್‌ಗಳು ಜಾಗ ಬಿಟ್ಟಿರ್ತಾರೆ. ದೊಡ್ಡ ವಿಮಾನದ ಮೇಲೆ ಅದರ ಜೀವಮಾನದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರಕ್ಕೆ ಲಿಮಿಟ್ ಲೋಡ್ ಅಂತಾರೆ, ಅದರ ಒಂದೂವರೆ ಪಟ್ಟನ್ನ ವಿಮಾನದ ಸ್ಟ್ರಕ್ಚರ್ ತಡ್ಕೋಬೇಕು ಅಂತ ನಿಯಮ, ಅದಕ್ಕೆ ಅಲ್ಟಿಮೇಟ್ ಲೋಡ್ ಅಂತ ಹೆಸರು. ಇದು ಪೈಲಟ್‌ಗಳಿಗೆ ಗೊತ್ತು. ಗೊತ್ತಿರೋದೇ ಎಡವಟ್ಟು. "ಅವ್ರು ಹೇಗೂ ಒಂದೂವರೆ ಪಟ್ಟು ಇಟ್ಟಿರ್ತಾರೆ ಬಿಡು" ಅನ್ನೋ ಧೈರ್ಯ ಬರತ್ತೆ.

ಆ ಜಾಗ ಯಾರದ್ದು ಅಂತ ಒಂಚೂರು ಯೋಚನೆ ಮಾಡಿ. ಅದರಲ್ಲಿ ಒಂದು ಪಾಲು ಇದ್ದಕ್ಕಿದ್ದ ಹಾಗೆ ಹೊಡೆಯೋ ಗಾಳಿಗೆ ಅಂತ ಇಟ್ಟಿದ್ದು, ಒಂದು ಪಾಲು ಹದಿನೈದು ವರ್ಷ ಹಾರಿ ಸವೆದ ಲೋಹಕ್ಕೆ, ಒಂದು ಪಾಲು ಮೀಟರ್ ತೋರಿಸೋದಕ್ಕೂ ನಿಜಕ್ಕೂ ಇರೋ ವ್ಯತ್ಯಾಸಕ್ಕೆ, ಇನ್ನೊಂದು ಪಾಲು ಫ್ಯಾಕ್ಟರಿಯಿಂದ ಬರುವಾಗಲೇ ಕಣ್ಣಿಗೆ ಕಾಣದೆ ಕೂತಿರೋ ಕೊರತೆಗೆ. ಇಷ್ಟೂ ಜನ ಆಗ್ಲೇ ಆ ಡಬ್ಬಿಗೆ ಕೈಹಾಕಿರ್ತಾರೆ, ಪೈಲಟ್ ಬಂದು ಅದರಲ್ಲಿ ಪೂರ್ತಿ ದುಡ್ಡಿದೆ ಅಂದ್ಕೊಂಡು ತಾನೂ ಸಾಲ ತಗೋತಾನೆ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ಕಾಕ್‌ಪಿಟ್‌ನಲ್ಲಿ ಯಾವ ಮೀಟರೂ ತೋರಿಸಲ್ಲ.

2001ರ ನವೆಂಬರ್ 12ರ ಅಮೆರಿಕನ್ ಏರ್‌ಲೈನ್ಸ್ ಫ್ಲೈಟ್ 587 ಇದಕ್ಕೆ ಕಣ್ಣಿಗೆ ಕುಕ್ಕೋ ಉದಾಹರಣೆ. ನ್ಯೂಯಾರ್ಕ್‌ನಿಂದ ಹೊರಟ ಏರ್‌ಬಸ್ ಎ300-600, ಮುಂದೆ ಹೋಗಿದ್ದ ಜಂಬೋ ಜೆಟ್‌ನ ಸುಳಿಗಾಳಿಗೆ ಸಿಕ್ಕಿತು. ವಿಮಾನದ ಮೂಗನ್ನ ಎಡ ಬಲ ತಿರುಗಿಸೋ ಬಾಲದ ಹಲಗೆಗೆ ರಡ್ಡರ್ ಅಂತಾರೆ, ಅದರ ಪೆಡಲ್‌ನ ಕೋ-ಪೈಲಟ್ ಬಲಕ್ಕೆ ಪೂರ್ತಿ, ಎಡಕ್ಕೆ ಪೂರ್ತಿ, ಮತ್ತೆ ಬಲಕ್ಕೆ, ಹೀಗೆ ಒತ್ತಿದ. ಬಾಲದ ಮೇಲಿನ ಫಿನ್ ಇದೆಯಲ್ಲ, ಅದು ಅಲ್ಟಿಮೇಟ್ ಲೋಡನ್ನೂ ಮೀರಿದ ಒತ್ತಡಕ್ಕೆ ಕಿತ್ಕೊಂಡು ಹೋಯ್ತು. ಒಟ್ಟು 265 ಜನ ಸತ್ರು, ಅದರಲ್ಲಿ ಐದು ಜನ ಕೆಳಗೆ ನೆಲದ ಮೇಲಿದ್ದವರು. ಇಲ್ಲಿ ವಿಚಿತ್ರ ಏನು ಗೊತ್ತಾ, ಆ ವಿಮಾನದ ಸ್ಪೀಡ್ ಮ್ಯಾನ್ಯೂವರಿಂಗ್ ಸ್ಪೀಡ್ ಅನ್ನೋ ಲಿಮಿಟ್‌ನ ಒಳಗೇ ಇತ್ತು. ಆ ಸ್ಪೀಡ್‌ಗಿಂತ ಕೆಳಗಿದ್ರೆ ಪೆಡಲ್‌ನ ಹೇಗೆ ಬೇಕಾದ್ರೂ ಒತ್ತಬಹುದು, ವಿಮಾನ ತಡ್ಕೊಳ್ಳತ್ತೆ ಅಂತ ಎಷ್ಟೋ ಪೈಲಟ್‌ಗಳು ನಂಬಿಕೊಂಡಿದ್ರು. ಒಂದು ಸಲ, ಒಂದು ಕಡೆಗೆ ಒತ್ತಿದ್ರೆ ತಡ್ಕೊಳ್ಳತ್ತೆ ಅಂತ ಅದರ ಅರ್ಥ. ಎಡ ಬಲ ಎಡ ಬಲ ಅಂತ ಒತ್ತೋದಕ್ಕೆ ಯಾರೂ ಮಾತು ಕೊಟ್ಟಿರ್ಲಿಲ್ಲ. ಅದೂ ಅಲ್ದೆ ಆ ವಿಮಾನದಲ್ಲಿ 250 ನಾಟ್‌ನಲ್ಲಿ ಪೆಡಲ್ ಸುಮಾರು ಒಂದೂಕಾಲು ಇಂಚು ಹೋದ್ರೆ ಸಾಕು, ಸಿಗಬಹುದಾದ ಪೂರ್ತಿ ರಡ್ಡರ್ ಸಿಕ್ಬಿಡ್ತಿತ್ತು. ತನಿಖೆ ಮಾಡಿದ ಅಮೆರಿಕದ ಎನ್‌ಟಿಎಸ್‌ಬಿ ಅನ್ನೋ ಸಂಸ್ಥೆ ಪೆಡಲ್‌ನ ಡಿಸೈನನ್ನೂ ಏರ್‌ಲೈನ್‌ನ ಟ್ರೈನಿಂಗನ್ನೂ ಕಾರಣದಲ್ಲಿ ಸೇರಿಸಿತು. 2010ರಲ್ಲಿ ಮ್ಯಾನ್ಯುಯಲ್‌ನಲ್ಲಿ ಇದನ್ನ ಬಿಡಿಸಿ ಬರೀಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ನಿಯಮಾನೇ ಬದಲಾಯ್ಸಿತು. ಒಂಬತ್ತು ವರ್ಷ ಆದ್ಮೇಲೆ.

ಅಂದ್ರೆ ಲಿಮಿಟ್ ನಂಬರ್ ಗೊತ್ತಿದ್ರೆ ಸಾಲಲ್ಲ, ಆ ನಂಬರ್ ಏನು ಹೇಳ್ತಿದೆ ಅನ್ನೋದೂ ಗೊತ್ತಿರ್ಬೇಕು. ಇನ್ನೊಂದು ಸಣ್ಣದು ಹೇಳ್ತೀನಿ. 2008ರ ಮಾರ್ಚ್ 1ಕ್ಕೆ ಹ್ಯಾಂಬರ್ಗ್‌ನಲ್ಲಿ ಬಿರುಗಾಳಿ, ಲುಫ್ಥಾನ್ಸಾ ಎ320 ಅಡ್ಡಗಾಳಿಯಲ್ಲಿ ಇಳಿಯೋಕೆ ಹೋಗಿ ಎಡ ರೆಕ್ಕೆಯ ತುದಿ ರನ್‌ವೇಗೆ ತಾಗಿಸ್ಕೊಂಡು ಮೇಲೆದ್ದು ಹೋಯ್ತು, ಯಾರಿಗೂ ಏನೂ ಆಗ್ಲಿಲ್ಲ. ಆ ವಿಡಿಯೋ ನೀವು ನೋಡಿರ್ತೀರ. ಮ್ಯಾನ್ಯುಯಲ್‌ನಲ್ಲಿ ಅಡ್ಡಗಾಳಿಗೆ 33 ನಾಟ್, ಜೋರು ಬೀಸಿದಾಗ 38ರ ತನಕ "ಡೆಮಾನ್‌ಸ್ಟ್ರೇಟೆಡ್" ಅಂತ ಬರೆದಿತ್ತು, ಅಂದ್ರೆ ಟೆಸ್ಟ್ ಮಾಡುವಾಗ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದೀವಿ ಅಂತ. ಇದು ದಾಟಬಾರದ ಗೆರೆನಾ ಇಲ್ಲ ಬರೀ ಮಾಹಿತಿನಾ? ಜರ್ಮನಿಯ ತನಿಖೆಯವರು ಕೇಳಿ ನೋಡಿದ್ರೆ ಪೈಲಟ್‌ಗಳಲ್ಲೇ ಕೆಲವರು ಹಾಗೆ ಅಂದ್ಕೊಂಡಿದ್ರು, ಕೆಲವರು ಹೀಗೆ. ಒಂದೇ ಪದ, ಒಂದೇ ಪುಟ, ಎರಡು ಅರ್ಥ.

ಈಗ ಬೇಕಂತಲೇ ಅಂಚಿಗೆ ಹೋದವರ ಕಥೆ. ಇಂಥವು ಕಮ್ಮಿ, ಆದ್ರೆ ಹೇಳ್ದೆ ಇದ್ರೆ ನೀವೇ ಕೇಳ್ತೀರ. 2004ರ ಅಕ್ಟೋಬರ್ 14, ಪಿನಾಕಲ್ ಏರ್‌ಲೈನ್ಸ್ 3701, ಲಿಟಲ್ ರಾಕ್‌ನಿಂದ ಮಿನಿಯಾಪೊಲಿಸ್‌ಗೆ ರಾತ್ರಿ ಖಾಲಿ ವಿಮಾನ ತಗೊಂಡು ಹೋಗ್ಬೇಕಿತ್ತು. ಸಿಆರ್‌ಜೆ ಅನ್ನೋ ಸಣ್ಣ ಜೆಟ್, ಅದಕ್ಕೆ ಗರಿಷ್ಠ ಎತ್ತರ 41,000 ಅಡಿ. ಪ್ಯಾಸೆಂಜರ್ ಯಾರೂ ಇಲ್ಲ, ಸ್ವಲ್ಪ ಮಜಾ ಮಾಡೋಣ ಅಂತ ಇಷ್ಟು ಮೇಲೆ ಬಂದ್ವಿ ಅಂತ ಕಂಟ್ರೋಲರ್‌ಗೇ ಹೇಳಿದ್ರು. ಪುಸ್ತಕದ ನಂಬರ್ ಲೆಕ್ಕ ಹಾಕಿದ್ರೆ 41,000 ದಾಟಿಲ್ಲ. ಆದ್ರೆ ಅಷ್ಟು ಎತ್ತರಕ್ಕೆ ಯಾವ ತೂಕ, ಎಷ್ಟು ಚಳಿ, ಯಾವ ಸ್ಪೀಡ್ ಇಟ್ಕೊಂಡು ಏರ್ಬೇಕು ಅನ್ನೋದಕ್ಕೂ ಮಿತಿ ಇದೆ. ಇವ್ರು ಆಟೋಪೈಲಟ್‌ಗೆ ನಿಮಿಷಕ್ಕೆ 500 ಅಡಿ ಏರು ಅಂತ ಹೇಳಿ ಬಿಟ್ರು, ಅದು ಪಾಪ ಹೇಳಿದ ಹಾಗೆ ಏರ್ತಾ ಹೋಯ್ತು, ಆ ಏರುವಿಕೆಗೆ ಸ್ಪೀಡನ್ನ ತಿಂತಾ ಹೋಯ್ತು. ಮೇಲೆ ಮುಟ್ಟುವಾಗ ವಿಮಾನ ಹೆಚ್ಚುಕಮ್ಮಿ ಉಸಿರುಗಟ್ಟಿದ ಸ್ಥಿತಿ. ಸ್ಟಾಲ್ ಆಗ್ತಿದೆ, ಅಂದ್ರೆ ರೆಕ್ಕೆಗೆ ವಿಮಾನನ ಎತ್ತಿ ಹಿಡಿಯೋಕೆ ಆಗ್ತಿಲ್ಲ ಅಂತ ಸ್ಟಿಕ್ ಅದುರಿತು, ತಾನಾಗೇ ಮೂಗು ಕೆಳಗೆ ತಳ್ಳಿತು, ಇವ್ರು ಮತ್ತೆ ಮತ್ತೆ ಹಿಂದಕ್ಕೆ ಎಳೆದ್ರು, ಕೊನೆಗೆ ಎರಡೂ ಎಂಜಿನ್ ಆರಿಹೋಯ್ತು. ಗಾಳಿಯ ಹೊಡೆತಕ್ಕೇ ಎಂಜಿನ್ ತಿರುಗಿ ಮತ್ತೆ ಶುರು ಆಗ್ಬೇಕಂದ್ರೆ ಕಮ್ಮಿ ಅಂದ್ರೂ 300 ನಾಟ್ ಸ್ಪೀಡ್ ಬೇಕು, ಅಂದ್ರೆ ಮೂಗು ಚೆನ್ನಾಗಿ ಕೆಳಗೆ ಹಾಕಿ ಧುಮುಕ್ಬೇಕು. ಅಲ್ಲಿಗೆ ಅವ್ರು ಮುಟ್ಟಲೇ ಇಲ್ಲ. ಕಂಟ್ರೋಲರ್‌ಗೆ ಮೊದ್ಲು ಹೇಳಿದ್ದು ಒಂದೇ ಎಂಜಿನ್ ಹೋಗಿದೆ ಅಂತ. ಎರಡೂ ಹೋಗಿದೆ ಅಂತ ಬಾಯಿಬಿಡೋದ್ರೊಳಗೆ ಇಳೀಬಹುದಾಗಿದ್ದ ಏರ್‌ಪೋರ್ಟ್‌ಗಳು ಕೈತಪ್ಪಿದ್ವು. ಮಿಸೌರಿಯ ಜೆಫರ್ಸನ್ ಸಿಟಿ ಹತ್ರ ಬಿದ್ದು ಇಬ್ಬರೂ ಹೋದ್ರು.

ಇದನ್ನ ಕೇಳಿದವರು ಪಕ್ಕನೆ "ಹುಡುಗಾಟ" ಅಂದು ಬದಿಗಿಡ್ತಾರೆ. ನನಗೆ ಅದೇ ಬೇಜಾರು. ಇವರಿಗಿಂತ ಮುಂಚೆ 41,000ಕ್ಕೆ ಏರಿ ಸುಖವಾಗಿ ವಾಪಸ್ ಬಂದವರು ಇದ್ರು, "ಫೋರ್ ಒನ್ ಓ ಕ್ಲಬ್" ಅಂತ ಪೈಲಟ್‌ಗಳ ನಡುವೆ ಅದಕ್ಕೊಂದು ಹೆಸರೂ ಇತ್ತು. ಏನೂ ಆಗ್ಲಿಲ್ಲ ಅನ್ನೋದು ಒಬ್ಬರಿಂದ ಒಬ್ಬರಿಗೆ ಪಾಠ ಆಗಿ ಹೋಗಿತ್ತು.

ಇನ್ನು ಮುಖ್ಯಕ್ಕೆ ಬರ್ತೀನಿ. ನನ್ನ ಅನುಭವದಲ್ಲಿ ಲಿಮಿಟ್ ದಾಟೋರಲ್ಲಿ ನೂರಕ್ಕೆ ತೊಂಬತ್ತು ಅಂತಲೇ ಇಟ್ಕೊಳಿ, ಇದು ಅಂದಾಜಿನ ಮಾತು, ಲೆಕ್ಕ ಅಲ್ಲ, ಹೀರೋಗಿರಿ ಮಾಡೋರಲ್ಲ. ಬೇರೆ ಏನನ್ನೋ ಸರಿ ಮಾಡೋಕೆ ಹೊರಟಿರ್ತಾರೆ, ಅದರಲ್ಲೇ ಮುಳುಗಿರ್ತಾರೆ. 1985ರ ಫೆಬ್ರವರಿ 19, ಚೈನಾ ಏರ್‌ಲೈನ್ಸ್ 006, 747 ಎಸ್‌ಪಿ, 41,000 ಅಡಿಯಲ್ಲಿ ನಾಲ್ಕನೇ ಎಂಜಿನ್ ಕೈಕೊಟ್ಟಿತು. ಗಾಳಿಯಲ್ಲಿ ಎಂಜಿನ್ ಮತ್ತೆ ಶುರು ಮಾಡೋದಕ್ಕೆ 30,000 ಅಡಿಗಿಂತ ಕೆಳಗೆ ಬರ್ಬೇಕು ಅಂತ ಲಿಮಿಟ್. ಇವ್ರು ಮೇಲೇ ಪ್ರಯತ್ನ ಮಾಡಿದ್ರು. ಎಲ್ಲರ ಗಮನ ಎಂಜಿನ್ ಮೀಟರ್ ಮೇಲೆ, ಇತ್ತ ಸ್ಪೀಡ್ ಕಮ್ಮಿ ಆಗ್ತಾ ವಿಮಾನ ಬಲಕ್ಕೆ ವಾಲ್ತಾ, ಆಟೋಪೈಲಟ್ ತನ್ನ ಕೈಲಾದಷ್ಟು ಹಿಡಿದು ಕೊನೆಗೆ ಸೋತು, ಇಡೀ ವಿಮಾನ ಮಗುಚಿ ಸುಮಾರು 9,500 ಅಡಿ ತನಕ ಬಿತ್ತು. ಮೋಡದಿಂದ ಹೊರಗೆ ಬಂದ್ಮೇಲೆ ದಿಗಂತ ಕಂಡಿತು, ಕ್ಯಾಪ್ಟನ್ ಎತ್ತಿಕೊಂಡ್ರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಸಿದ್ರು. ಯಾರೂ ಸಾಯ್ಲಿಲ್ಲ. ಬಾಲದ ತುದಿಗಳು ಹರಿದು ಹೋಗಿದ್ವು, ಚಕ್ರದ ಬಾಗಿಲುಗಳು ಕಿತ್ತು ಬಂದಿದ್ವು. 2.5 ಜಿಗೆ, ಅಂದ್ರೆ ತನ್ನ ತೂಕದ ಎರಡೂವರೆ ಪಟ್ಟು ಭಾರಕ್ಕೆ ಕಟ್ಟಿದ ವಿಮಾನ ಐದು ಜಿ ದಾಟಿ ಹೋಗಿ ಬದುಕಿ ಬಂತು. ಎಂಥಾ ವಿಮಾನ ಕಟ್ಟಿದ್ರಪ್ಪ ಅಂತ ಅನ್ಸತ್ತೆ ನನಗೆ. ಒಂದು ಎಂಜಿನ್ ಹೋದ್ರೆ ಉಳಿದ ಮೂರರಲ್ಲಿ ಆರಾಮಾಗಿ ಹಾರೋ ವಿಮಾನ ಅದು, ಆ ಮಾತು ಬೇರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಗರುಡ ಅನ್ನೋ ಏರ್‌ಲೈನ್‌ನ ಫ್ಲೈಟ್ 200. 2007ರ ಮಾರ್ಚ್ 7, ಇಂಡೊನೇಷ್ಯಾದ ಯೋಗ್ಯಕರ್ತ, ಬೆಳಗಿನ ಹೊತ್ತು, 737-400, ಒಟ್ಟು 140 ಜನ. ವಿಮಾನ ಎತ್ತರದಲ್ಲೂ ಜಾಸ್ತಿ, ಸ್ಪೀಡಲ್ಲೂ ಜಾಸ್ತಿ. ಕ್ಯಾಪ್ಟನ್ ಮೂಗು ಕೆಳಗೆ ಹಾಕಿ ರನ್‌ವೇ ಕಡೆಗೆ ಇಳಿಜಾರು ಹಿಡಿದ್ರು, ಇಳಿದಷ್ಟೂ ಸ್ಪೀಡ್ ಏರ್ತು. ಫ್ಲ್ಯಾಪ್ಸ್ 15 ಹಾಕು ಅಂದ್ರು. ಕೋ-ಪೈಲಟ್ ಹಾಕ್ಲಿಲ್ಲ. ಯಾಕಂದ್ರೆ ಫ್ಲ್ಯಾಪ್ಸ್ 15ರ ಲಿಮಿಟ್‌ಗಿಂತ ಸ್ಪೀಡ್ ಜಾಸ್ತಿ ಇತ್ತು. ಅವನು ಲಿಮಿಟ್ ನೋಡಿದ, ಪಾಲಿಸಿದ, ಫ್ಲ್ಯಾಪ್ 5ರಲ್ಲೇ ನಿಲ್ಸಿದ. ಕ್ಯಾಪ್ಟನ್ ಮತ್ತೆ ಕೇಳಿದ್ರು, ಮತ್ತೆ ಕೇಳಿದ್ರು. ನೆಲ ಹತ್ರ ಬರ್ತಿದೆ ಅಂತ ಎಚ್ಚರಿಸೋ ಯಂತ್ರ ಹದಿನೈದು ಸಲ ಕೂಗಿತು. ಕೋ-ಪೈಲಟ್ ಗೋ-ಅರೌಂಡ್, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೆ ಹೋಗೋಣ ಅಂತಲೂ ಅಂದ. ಕ್ಯಾಪ್ಟನ್ ಕಿವಿಗೆ ಒಂದೂ ಬೀಳ್ಲಿಲ್ಲ. 134 ನಾಟ್ ಸುಮಾರಿಗೆ ಇಳೀಬೇಕಾದ ವಿಮಾನ 221 ನಾಟ್‌ನಲ್ಲಿ ನೆಲ ಮುಟ್ಟಿತು, ಗಂಟೆಗೆ 400 ಕಿಲೋಮೀಟರ್‌ಗಿಂತ ಜಾಸ್ತಿ ರೀ ಅದು, ಪುಟಿದು, ರನ್‌ವೇ ದಾಟಿ, ರಸ್ತೆ ದಾಟಿ, ಗದ್ದೆಯಲ್ಲಿ ನಿಂತು ಬೆಂಕಿ ಹತ್ಕೊಳ್ತು. 21 ಜನ ಹೋದ್ರು.

ಇದನ್ನ ನಾನು ಪೈಲಟ್‌ಗಳಿಗೆ ಹೇಳುವಾಗ ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಕೋ-ಪೈಲಟ್ ಲಿಮಿಟ್ ಪಾಲಿಸಿದ, ಆದ್ರೂ ವಿಮಾನ ಹೋಯ್ತು. ಕ್ಯಾಪ್ಟನ್‌ಗೆ ಫ್ಲ್ಯಾಪ್ ಬೇಕಿತ್ತು, ಫ್ಲ್ಯಾಪ್ ಹಾಕೋಕೆ ಆಗ್ತಿಲ್ಲ. ಯಾಕೆ ಆಗ್ತಿಲ್ಲ? ಸ್ಪೀಡ್ ಜಾಸ್ತಿ. ಯಾಕೆ ಸ್ಪೀಡ್ ಜಾಸ್ತಿ? ಈ ಇಳಿಯೋ ಪ್ಲಾನೇ ಕೆಟ್ಟಿದೆ. ಆ ನಂಬರ್ ಫ್ಲ್ಯಾಪ್‌ನ ಕಬ್ಬಿಣದ ಬಗ್ಗೆ ಮಾತಾಡ್ತಿರ್ಲಿಲ್ಲ ಆವತ್ತು, ಇವತ್ತಿನ ಈ ಲ್ಯಾಂಡಿಂಗ್ ಮುಗೀತು ಕಣಪ್ಪ ಅಂತ ಹೇಳ್ತಿತ್ತು. ಕೋ-ಪೈಲಟ್ ಕೈ ಅದನ್ನ ಕೇಳಿಸ್ಕೊಂಡಿತು, ಕ್ಯಾಪ್ಟನ್‌ಗೆ ಅದು ಬರೀ ಅಡ್ಡಿ ಆಗಿ ಕಾಣ್ತು. ಲಿಮಿಟ್‌ಗೆ ಅಡ್ಡ ಬರೋ ಗೋಡೆ ಅಂತ ಹೆಸರಿಟ್ಟ ತಕ್ಷಣ ಮನುಷ್ಯ ಸುತ್ತಿ ಹೋಗೋ ದಾರಿ ಹುಡುಕ್ತಾನೆ.

2020ರ ಮೇ 22ಕ್ಕೆ ಕರಾಚಿಯಲ್ಲಿ ಪಿಐಎ 8303ಗೆ ಆಗಿದ್ದು ಇದರ ಅಣ್ಣನೋ ತಮ್ಮನೋ. ಎ320, ಮತ್ತೆ ಎತ್ತರ ಜಾಸ್ತಿ, ಮತ್ತೆ ಸ್ಪೀಡ್ ಜಾಸ್ತಿ, ಓವರ್‌ಸ್ಪೀಡ್ ವಾರ್ನಿಂಗ್ ಹೊಡ್ಕೊಳ್ತಾ ಇದೆ, ನೆಲದ ವಾರ್ನಿಂಗ್ ಹೊಡ್ಕೊಳ್ತಾ ಇದೆ, ಈ ಗಲಾಟೆಯಲ್ಲಿ ಮುಂಚೆ ಇಳಿಸಿದ್ದ ಚಕ್ರಗಳನ್ನ ಮತ್ತೆ ಮೇಲೆ ತಗೊಂಡಿದ್ದೂ ಅವರ ಗಮನದಲ್ಲಿಲ್ಲ. ಎಂಜಿನ್‌ಗಳು ರನ್‌ವೇಗೆ ಉಜ್ಜಿದ್ವು, ಮೇಲೆದ್ರು, ಉಜ್ಜಿದ ಎಂಜಿನ್‌ಗಳು ಎರಡೂ ಕೈಕೊಟ್ವು. 99 ಜನರಲ್ಲಿ ಇಬ್ಬರು ಉಳಿದ್ರು. ಅದಕ್ಕೆ ಸರಿಯಾಗಿ ಹತ್ತು ವರ್ಷ ಮುಂಚೆ, ಅದೇ ಮೇ 22, ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, 158 ಜನ ಸತ್ರು. ಅಲ್ಲೂ ಕೋ-ಪೈಲಟ್ ಗೋ-ಅರೌಂಡ್ ಅಂತ ಹೇಳಿದ್ದು ರೆಕಾರ್ಡರ್‌ನಲ್ಲಿದೆ, ರನ್‌ವೇ ಶುರುವಾಗೋ ಕಡೆ 50 ಅಡಿ ಎತ್ತರ, 144 ನಾಟ್ ಇರಬೇಕಾದ್ದು ಸುಮಾರು 200 ಅಡಿ, 160 ನಾಟ್‌ಗಿಂತ ಜಾಸ್ತಿ. ತಾರೀಕು ಒಂದೇ ಆಗಿದ್ದು ಕಾಕತಾಳೀಯ, ಉಳಿದ ಹೋಲಿಕೆ ಕಾಕತಾಳೀಯ ಅಂತ ನನಗನ್ಸಲ್ಲ.

ಒಂದು ಉಲ್ಟಾ ಮಾತೂ ಹೇಳ್ಬೇಕು, ಇಲ್ಲಾಂದ್ರೆ ಕೆಂಪು ಗೆರೆ ಮುಟ್ಟಿದ್ರೆ ವಿಮಾನ ಪುಡಿ ಅಂತ ನೀವು ಹೆದರ್ಕೊಂಡು ಹೋಗ್ತೀರ. ಮೂವತ್ತೇಳು ಸಾವಿರ ಅಡಿಯಲ್ಲಿ ಹೋಗ್ತಿರುವಾಗ ಗಾಳಿ ಇದ್ದಕ್ಕಿದ್ದಂಗೆ ಬದಲಾಗಿ ಸ್ಪೀಡ್ ಲಿಮಿಟ್ ದಾಟಿ ಕಟಕಟ ಅಂತ ವಾರ್ನಿಂಗ್ ಬರೋದು ಪೈಲಟ್ ತಪ್ಪಲ್ಲ. ಅಲ್ಲಿ ಅಪಾಯ ಏನಂದ್ರೆ ಆ ಸದ್ದಿಗೆ ಬೆಚ್ಚಿಬಿದ್ದು ಆಟೋಪೈಲಟ್ ಕಿತ್ತಾಕಿ ಮೂಗನ್ನ ಜೋರಾಗಿ ಮೇಲೆ ಎಳೆಯೋದು. ಹಿಂದೆ ಬೆಲ್ಟ್ ಹಾಕ್ದೆ ನಿಂತಿರೋರು ನೆಲಕ್ಕೆ ಬೀಳ್ತಾರೆ, ಸೊಂಟ ಕಾಲು ಮುರ್ಕೊಳ್ತಾರೆ. ಎರಡು ನಾಟ್ ದಾಟಿದ್ದು ವಿಮಾನಕ್ಕೆ ಏನೂ ಮಾಡಿರಲ್ಲ, ಅದಕ್ಕೆ ಹೆದರಿದ್ದು ಎಲ್ಲ ಮಾಡಿರತ್ತೆ.

ಆದ್ರೆ ದಾಟಿದ್ಮೇಲೆ ಬರೀಬೇಕು. ಇದೊಂದು ವಿಷಯ ನನಗೆ ಕೋಪ ತರಿಸೋದು. ಪ್ರತಿ ವಿಮಾನದಲ್ಲಿ ಟೆಕ್ ಲಾಗ್ ಅಂತ ಪುಸ್ತಕ ಇರತ್ತೆ, ಫ್ಲ್ಯಾಪ್ ಲಿಮಿಟ್ ದಾಟಿತು ಅಂತ ಒಂದು ಸಾಲು ಬರೆದ್ರೆ ಎಂಜಿನಿಯರ್ ಬಂದು ಟಾರ್ಚ್ ಹಿಡ್ಕೊಂಡು ಫ್ಲ್ಯಾಪ್‌ನ ಕೀಲು, ಟ್ರ್ಯಾಕ್ ಎಲ್ಲ ನೋಡ್ತಾನೆ. ಅದಕ್ಕೆ ಟೈಮ್ ಹಿಡಿಯತ್ತೆ, ಮುಂದಿನ ಫ್ಲೈಟ್ ಲೇಟು, ಫೋನ್ ಬರತ್ತೆ, ಯಾಕೆ ಲೇಟು ಯಾರು ಕಾರಣ. ಹೀಗಾಗಿ ಪೆನ್ನು ಜೇಬಲ್ಲೇ ಉಳಿಯತ್ತೆ. ನನಗೆ ಗೊತ್ತಿರೋ ಒಬ್ಬ ಎಂಜಿನಿಯರ್ ಇದ್ರು, ಯಾವ ಕಂಪನಿ ಅಂತ ಬೇಡ, ರಾತ್ರಿ ಪಾಳಿ, ಅವ್ರು ಫ್ಲ್ಯಾಪ್ ಕೆಳಗೆ ಕೈ ಸವರಿ ನೋಡ್ತಾ ಒಂದು ಮಾತು ಅಂದಿದ್ರು: "ನನಗೆ ದಾಟಿದವರ ಮೇಲೆ ಸಿಟ್ಟಿಲ್ಲ ಸಾರ್, ಬರೀದೆ ಮನೆಗೆ ಹೋದವರ ಮೇಲೆ ಸಿಟ್ಟು. ಇದರಲ್ಲಿ ಇನ್ನೂ ಎಷ್ಟು ಸಲ ಆಗಿದೆಯೋ, ಅವ್ರು ಬರೆದಿದ್ದಷ್ಟನ್ನೇ ನಾನು ನೋಡ್ತಿದ್ದೀನಿ."

ಈಗ ಅಷ್ಟು ಸುಲಭವಾಗಿ ಮುಚ್ಚಿಡೋಕಾಗಲ್ಲ. 27,000 ಕಿಲೋಗಿಂತ ಜಾಸ್ತಿ ತೂಕದ ವಿಮಾನ ಇಟ್ಕೊಂಡಿರೋ ಏರ್‌ಲೈನ್ ಫ್ಲೈಟ್ ಡೇಟಾ ನೋಡೋ ವ್ಯವಸ್ಥೆ ಇಟ್ಕೋಬೇಕು ಅಂತ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ ನಿಯಮ. ಪ್ರತಿ ಹಾರಾಟದ ಸ್ಪೀಡು, ಎತ್ತರ, ಲಿವರ್ ಯಾವಾಗ ಎಳೆದ್ರು, ಎಲ್ಲ ಕಂಪ್ಯೂಟರ್‌ಗೆ ಇಳಿಯತ್ತೆ. ಒಳ್ಳೇದೇ. ಆದ್ರೆ ಅದನ್ನ ಮೇಷ್ಟ್ರ ಬೆತ್ತದ ಥರ ಬಳಸಿದ ಕಡೆ ಪೈಲಟ್‌ಗಳು ಕಂಪ್ಯೂಟರ್‌ಗೆ ಹೆದರ್ಕೊಂಡು ಹಾರಿಸ್ತಾರೆ, ಆಗ ಕಣ್ಣು ಇನ್ನೊಂದು ಕಡೆ ತಪ್ಪತ್ತೆ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸೋ ಒಂದು ವರದಿ ವ್ಯವಸ್ಥೆ ಇದೆ, ಪೈಲಟ್ ತಾನೇ ಬರೆದು ತಪ್ಪೊಪ್ಪಿಕೊಂಡ್ರೆ ಹೆಸರು ತೆಗೆದು ಇಡ್ತಾರೆ. ಅದನ್ನ ಏರ್‌ಲೈನ್ ಅಥವಾ ಶಿಕ್ಷೆ ಕೊಡೋ ಇಲಾಖೆ ಕೈಗೆ ಕೊಡದೆ ನಾಸಾ ಕೈಗೆ ಕೊಟ್ರಲ್ಲ, ಅದು ಬುದ್ಧಿವಂತಿಕೆ.

ಮಾತು ಮುಗಿಸಿದ್ಮೇಲೆ ಪ್ರಶ್ನೆಗಳು ಬಂದ್ವು. ಒಬ್ರು ಕೇಳಿದ್ರು, ಇಷ್ಟು ಕಂಪ್ಯೂಟರ್ ಇದ್ಯಲ್ಲ, ಲಿಮಿಟ್ ದಾಟೋಕೆ ಬಿಡಬಾರ್ದು ಅಂತ ಲಾಕ್ ಮಾಡಿದ್ರೆ ಆಗಲ್ವಾ?

ಕೆಲವು ಕಡೆ ಮಾಡಿದ್ದಾರೆ. ಏರ್‌ಬಸ್ ಎ320ಯಲ್ಲಿ ಎಲ್ಲ ಸರಿ ಇದ್ದಾಗ ಸ್ಟಿಕ್ಕನ್ನ ಎಷ್ಟೇ ಎಳೆದ್ರೂ 2.5 ಜಿ ದಾಟಕ್ಕೆ ಬಿಡಲ್ಲ. 737-800ರಲ್ಲಿ ಫ್ಲ್ಯಾಪ್ಸ್ 40 ಹಾಕಿ ಸ್ಪೀಡ್ ಮೀರಿದ್ರೆ ತಾನಾಗೇ 30ಕ್ಕೆ ವಾಪಸ್ ಹೋಗತ್ತೆ. ಆದ್ರೆ ಎಲ್ಲಕ್ಕೂ ಬೀಗ ಹಾಕೋಕಾಗಲ್ಲ, ಯಾಕಂದ್ರೆ ಕೆಲವು ಸಲ ದಾಟಲೇಬೇಕಾಗತ್ತೆ. ಟೇಕಾಫ್ ಆದ ಹತ್ತು ನಿಮಿಷಕ್ಕೆ ಹೊಗೆ ಬಂತು ಅಂತ ಇಟ್ಕೊಳಿ, ಟ್ಯಾಂಕ್ ತುಂಬ ಇಂಧನ ಇದೆ, ಇಳಿಯೋ ತೂಕದ ಲಿಮಿಟ್‌ಗಿಂತ ಎಷ್ಟೋ ಟನ್ ಜಾಸ್ತಿ. ಇಂಧನ ಉರಿಸ್ತಾ ಸುತ್ತಾಡ್ತೀರಾ? ಇಳಿಸ್ಬೇಕು. ತುರ್ತು ಸಂದರ್ಭದಲ್ಲಿ ಬೇಕಾದಷ್ಟು ಮಟ್ಟಿಗೆ ನಿಯಮ ಮೀರೋಕೆ ಕ್ಯಾಪ್ಟನ್‌ಗೆ ಅಧಿಕಾರ ಇದೆ. ಅವ್ರು ತೂಕ ನೋಡ್ತಾರೆ, ಲಿಮಿಟ್ ಎಷ್ಟು ಅಂತ ಜೋರಾಗಿ ಹೇಳ್ತಾರೆ, ದಾಟ್ತಿದ್ದೀವಿ ಅಂತಲೂ ಹೇಳ್ತಾರೆ, ಮೆಲ್ಲಗೆ ಇಳಿಸ್ತಾರೆ, ಟೆಕ್ ಲಾಗ್‌ನಲ್ಲಿ ಬರೀತಾರೆ. ಅದು ದಾಟಿದ್ದು. ನನ್ನ ಸಿಮ್ಯುಲೇಟರ್ ಹುಡುಗ ದಾಟಿದ್ದು ಬೇರೆ, ಅವನಿಗೆ ದಾಟಿದ್ದೇ ಗೊತ್ತಿರ್ಲಿಲ್ಲ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹೆಂಗಸು ಕೇಳಿದ್ರು, ಆಮೇಲೆ ಆ ಇಬ್ಬರು ಏನಾದ್ರು ಸಾರ್?

ಮುಂದಿನ ಸೆಷನ್‌ಗೆ ಇಬ್ಬರೂ ಮತ್ತೆ ಬಂದ್ರು. ನಾನು ಹಾಳು ಬುದ್ಧಿ, ಅದೇ ಕಾಟ ಕೊಟ್ಟೆ, ಎತ್ತರದಲ್ಲಿ ಹಿಡಿದಿಟ್ಟು ಲೇಟಾಗಿ ಬಿಟ್ಟೆ. ಕ್ಯಾಪ್ಟನ್ "ಫ್ಲ್ಯಾಪ್ಸ್ 30" ಅಂದ್ರು. ಹುಡುಗನ ಕೈ ಲಿವರ್ ಮೇಲೆ ಹೋಗಿ ಅಲ್ಲೇ ನಿಂತ್ಕೊಳ್ತು. "ಸ್ಪೀಡ್ ಚೆಕ್ಡ್" ಅನ್ನಲಿಲ್ಲ. "178" ಅಂದ. ಅಷ್ಟೇ. ಕ್ಯಾಪ್ಟನ್ ತಿರುಗಿ ಟೇಪ್ ನೋಡಿದ್ರು. ಮೂರು ನಾಟ್ ಅಷ್ಟೇ, ಹತ್ತು ಸೆಕೆಂಡ್ ಕಾದ್ರೆ ಬರತ್ತೆ, ಬಂತು ಕೂಡ, ಆದ್ರೆ ಅಷ್ಟೊತ್ತಿಗೆ ಸಾವಿರ ಅಡಿ ಆಗಿತ್ತು, ಎಲ್ಲ ಸೆಟ್ ಆಗಿರಬೇಕಾದ ಎತ್ತರ ಅದು, ಫ್ಲ್ಯಾಪ್ ಇನ್ನೂ ಪೂರ್ತಿ ಬಂದಿಲ್ಲ. ಕ್ಯಾಪ್ಟನ್ ಒಂದು ಸಲ ರನ್‌ವೇ ಕಡೆ ನೋಡಿ, ಬಾಯಲ್ಲೇ ಏನೋ ಗೊಣಗಿ, "ಗೋ-ಅರೌಂಡ್" ಅಂದ್ರು. ಸುತ್ತು ಹಾಕಿ ಬಂದು ಎರಡನೇ ಸಲ ಇಳಿಸಿದ್ರು, ಅದೇನೂ ಚೆಂದದ ಲ್ಯಾಂಡಿಂಗ್ ಅಲ್ಲ, ಸ್ವಲ್ಪ ಧಡಕ್ ಅಂತು.

ಹೊರಗೆ ಬಂದು ಮೆಟ್ಟಿಲು ಇಳೀತಾ ಹುಡುಗ ಹಿಂದಿನಿಂದ ಕೇಳಿದ, "ಗೋ-ಅರೌಂಡ್ ಆಯ್ತಲ್ಲ ಸಾರ್, ಅದಕ್ಕೆ ಮಾರ್ಕ್ಸ್ ಕಟ್ ಮಾಡಿದ್ರಾ?"